ಉಪ್ಪರಿಗೆಯ ಕಿರುಜಂತೆಗಳೂ ವಿದ್ಯುತ್ ತಂತಿಯೂ

ವಯನಾಡಿನ ಕಲ್ಪೆಟ್ಟ, ಪನಮರಂ, ಮಾನಂತವಾಡಿ ಭಾಗಗಳಲ್ಲಿ ಕನ್ನಡ ಮೂಲದ ಜೈನ ಕುಟುಂಬಗಳು ಬಹುಕಾಲದಿಂದ ನೆಲಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಅವರ ಮತ್ತು ನೆರೆಹೊರೆಯವರ ಹಳೆಯ ಮನೆಗಳು ಕೆಲವು ಹೆಂಚಿನ ಮಾಡು, ಮರದ ಉಪ್ಪರಿಗೆಗಳೊಡನೆ ಇಂದಿಗೂ ಉಳಿದಿವೆ. ಅವನ್ನು ಕಟ್ಟಿದವರು ವಿದ್ಯುಚ್ಛಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವರಲ್ಲ. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿಯೇ ವಿದ್ಯುದ್ದೀಪ ಬೆಳಗಿತಾದರೂ ಬೆಟ್ಟದ ಮೇಲಿನ ಹಳ್ಳಿಗಳಿಗೆ ಅದು ಬಂದುದು ಎಷ್ಟೋ ದಶಕಗಳ ಅನಂತರ. ಹಾಗೆ ಬಂದಾಗ ತಂತಿಗಳನ್ನು ತೇಗದ ಪಟ್ಟಿಗಳ ಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ ಎಳೆಯುತ್ತಿದ್ದರು. ಈಗ ಮನೆಯನ್ನು ಹೊಸದು ಮಾಡುವವರಿಗೆ ತಂತಿ ಕಾಣಬಾರದು. ಆದುದರಿಂದ ಉಪ್ಪರಿಗೆಯ ಹಲಗೆಗಳನ್ನು ಎಬ್ಬಿಸಿ, ಅವುಗಳ ಕೆಳಗಿನ ಜಂತೆಗಳನ್ನು ಕೊರೆಯುವ ಕೆಲಸ ಮೊದಲಾಗುತ್ತದೆ. ಮೇಲೆ ಮಕ್ಕಳು ಮಲಗುವ ಕೋಣೆಯಿರುವಾಗ ಇದು ಬಡಗಿಯ ಇಷ್ಟಕ್ಕೆ ಬಿಡತಕ್ಕ ಮಾತಲ್ಲ.

ತೋಟದ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಅಡಕೆಮರದ ಸಂಕವನ್ನು ಎಲ್ಲರೂ ನೋಡಿದ್ದೇವೆ. ಅದರ ನಡುವೆ ನಿಂತರೆ ಮರ ಬಾಗುತ್ತದೆ. ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಇವೆರಡರ ಮಧ್ಯದಲ್ಲಿ ಒತ್ತಡವೂ ಸೆಳೆತವೂ ಇಲ್ಲದ ಒಂದು ಪದರವಿದೆ. ಅಡಕೆಮರದ ತಿರುಳು ಮೆತ್ತಗಿದ್ದರೂ ಸಂಕ ನಮ್ಮನ್ನು ಹೊರುವುದು ಇದರಿಂದಲೇ: ಭಾರವನ್ನೆಲ್ಲ ಹೊರುವುದು ಅದರ ಗಟ್ಟಿಯಾದ ಹೊರಮೈ. ಜಂತೆಯ ವಿಷಯವೂ ಹೀಗೆಯೇ.

ಲೆಕ್ಕ ನೋಡೋಣ. ಜಂತೆಯ ಬಲ ಅದರ ಎತ್ತರದ ವರ್ಗಕ್ಕೆ ಅನುಗುಣವಾದುದು. 4 ಅಂಗುಲ ಎತ್ತರದ ಜಂತೆಯ ಮೇಲಂಚಿನಲ್ಲಿ 1 ಅಂಗುಲ ಕಚ್ಚು ಕಡಿದರೆ ಉಳಿಯುವುದು 3 ಅಂಗುಲ. 16 ಪಾಲು ಬಲವಿದ್ದಲ್ಲಿ ಈಗ 9 ಪಾಲು. ಏಳು ಪಾಲು ಹೋಯಿತು. ಅದೇ 1 ಅಂಗುಲವನ್ನು ಎತ್ತರದ ನಟ್ಟನಡುವೆ ಬೈರಿಗೆಯಿಂದ ತೂತಾಗಿ ಕೊರೆದರೆ ನಷ್ಟ 64ರಲ್ಲಿ ಒಂದು ಪಾಲು ಮಾತ್ರ! ಮರವನ್ನು ಎಷ್ಟು ಕಡಿದೆವು ಎಂಬುದಕ್ಕಿಂತ ಎಲ್ಲಿ ಕಡಿದೆವು ಎಂಬುದೇ ಇಲ್ಲಿ ಮುಖ್ಯ.

ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ನಿಯಮವೂ ಇದನ್ನೇ ಹೇಳುತ್ತದೆ. ತೂತು ಜಂತೆಯ ಎತ್ತರದ ನಾಲ್ಕನೆಯ ಒಂದಂಶವನ್ನು ಮೀರಕೂಡದು. ನಡುಗೆರೆಯ ಮೇಲೆಯೇ ಇರಬೇಕು. ಗೋಡೆಯಿಂದ ಜಂತೆಯ ಉದ್ದದ ಕಾಲು ಭಾಗಕ್ಕೂ ಹತ್ತರಲ್ಲಿ ನಾಲ್ಕು ಭಾಗಕ್ಕೂ ನಡುವೆ ಬೀಳಬೇಕು. 12 ಅಡಿಯ ಜಂತೆಗೆ ಇದು 3 ಅಡಿಯಿಂದ ಸುಮಾರು 4 ಅಡಿ 9 ಅಂಗುಲದವರೆಗಿನ ಜಾಗ. ಇದು ಹುಳುಕಿಲ್ಲದ ಮರಕ್ಕೆ ಹೇಳಿದ ಮಾತು. ಗೆದ್ದಲು ತಿಂದ ಜಂತೆಗೆ ಬೈರಿಗೆಯನ್ನೇ ಮುಟ್ಟಿಸಬಾರದು.

ಹಾಗಾದರೆ 4 ಅಂಗುಲದ ಜಂತೆಗೆ 1 ಅಂಗುಲದ ತೂತು ನಿರಪಾಯವೇ? ಮರದ ದೃಷ್ಟಿಯಿಂದ ಹೌದು. ಮೊಳೆಯ ದೃಷ್ಟಿಯಿಂದ ಅಲ್ಲ. ಕಿರುಜಂತೆಗಳ ನಿಜವಾದ ತೊಡಕು ಇಲ್ಲಿದೆ. ತೂತಿನ ಮೇಲೆ ಉಳಿಯುವ ಮರ ಒಂದೂವರೆ ಅಂಗುಲ. 1 ಅಂಗುಲ ದಪ್ಪದ ಹಲಗೆಯ ಮೂಲಕ ಎರಡೂವರೆ ಅಂಗುಲದ ಮೊಳೆ ಹೊಡೆದರೆ ಅದರ ತುದಿ ಸರಿಯಾಗಿ ತಂತಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. 3 ಅಂಗುಲದ್ದಾದರೆ ಒಳಗೇ ಹೋಗುತ್ತದೆ. ಹತ್ತು ವರ್ಷಗಳ ಮೇಲೆ ಸಡಿಲವಾದ ಹಲಗೆಗೆ ಮೊಳೆ ಹೊಡೆಯುವವನಿಗೆ ಕೆಳಗೆ 230 ವೋಲ್ಟಿನ ತಂತಿಯಿದೆಯೆಂದು ಹೇಳುವವರು ಯಾರು? ಅದಕ್ಕಾಗಿಯೇ ತಂತಿಯು ಜಂತೆಯ ಮೇಲಂಚಿನಿಂದಲೂ ಕೆಳಗಂಚಿನಿಂದಲೂ 50 ಮಿಲಿಮೀಟರ್, ಅಂದರೆ 2 ಅಂಗುಲ, ದೂರವಿರಬೇಕೆಂಬ ನಿಯಮ ಹುಟ್ಟಿದೆ. 4 ಅಂಗುಲದಲ್ಲಿ ಮೇಲೆರಡು ಕೆಳಗೆರಡು ಕಳೆದರೆ ತಂತಿಗೆ ಉಳಿಯುವುದು ಸೊನ್ನೆ. 5 ಅಂಗುಲದ ಜಂತೆಯಾದರೆ ಮಾತ್ರ 1 ಅಂಗುಲದ ತೂತಿಗೆ ಎಡೆಯುಂಟು.

ನಮ್ಮ ಅಭಿಪ್ರಾಯದಲ್ಲಿ ಕಿರುಜಂತೆಯನ್ನು ಅಡ್ಡಹಾಯದಿರುವುದೇ ಲೇಸು. ಎರಡು ಜಂತೆಗಳ ನಡುವಣ ಪೊಳ್ಳಿನಲ್ಲಿ, ಜಂತೆಯ ಪಕ್ಕಕ್ಕೆ, ಅದರ ಎತ್ತರದ ನಡುಗೆರೆ ಹಿಡಿದು ತಂತಿಯನ್ನು ಉದ್ದಕ್ಕೆ ಒಯ್ಯಬಹುದು. ಇನ್ನೊಂದು ಸಾಲಿಗೆ ದಾಟಬೇಕಾದಲ್ಲಿ ಗೋಡೆಯ ಬದಿಗೆ ತಂದು, ಮುಚ್ಚಿಗೆಯ ಕೆಳಗೆ ಕೇಸಿಂಗ್ ಪಟ್ಟಿಯಲ್ಲಿ ದಾಟಿಸತಕ್ಕದ್ದು. ಅದು ಕಣ್ಣಿಗೆ ಕಾಣುತ್ತದೆಂದು ಕೆಲವರು ಮುಖ ಸಿಂಡರಿಸುತ್ತಾರೆ. ನಮ್ಮ ಹಿರಿಯರ ತೇಗದ ಪಟ್ಟಿಯೂ ಕಾಣುತ್ತಿತ್ತು, ಅದರ ಮೇಲೆ ಯಾರೂ ಮೊಳೆ ಹೊಡೆಯಲಿಲ್ಲ. ಜಂತೆಯನ್ನೇ ದಾಟಬೇಕೆಂಬ ಅನಿವಾರ್ಯವಿದ್ದರೆ ಭೂಸಂಪರ್ಕ ಮಾಡಿದ ಉಕ್ಕಿನ ಕೊಳವೆಯೊಳಗೆ ದಾಟಿಸಬೇಕು. ಮೊಳೆ ತಾಗಿದರೂ ತಂತಿಗೆ ಸುಲಭವಾಗಿ ಹೋಗದು; ಹೋದರೆ ಪ್ರವಾಹ ಭೂಮಿಗಿಳಿದು ಫ್ಯೂಸ್ ಕಡಿಯುತ್ತದೆ.

ತಂತಿಯ ಜೋಡಣೆಯನ್ನು ಹಲಗೆಯಡಿಯಲ್ಲಿ ಹುದುಗಿಸಬಾರದು. ಕೈಗೆಟಕುವ ಪೆಟ್ಟಿಗೆಯಲ್ಲಿ ಮಾಡಬೇಕು. ಹಳೆಯ ರಬ್ಬರ್ ಹೊದಿಕೆಯ ತಂತಿ ಒಣಗಿ ಉದುರುತ್ತಿದ್ದರೆ ಅದನ್ನು ಪೂರ್ತಿಯಾಗಿ ತೆಗೆಯಿಸಬೇಕು. ಲಕ್ಕಿಡಿಯ ಮಳೆಯನ್ನು ಬಲ್ಲವರಿಗೆ ಇಲ್ಲಿನ ತೇವದ ವಿಚಾರ ಹೇಳಬೇಕಾಗಿಲ್ಲ. ಇಲಿಗಳ ಹಲ್ಲು ಬೇರೆ. ಆದುದರಿಂದ 30 ಮಿಲಿಆಂಪೇರಿನ ಸೋರಿಕೆಗೇ ಪ್ರವಾಹ ಕಡಿಯುವ ಇ.ಎಲ್.ಸಿ.ಬಿ. ಇಲ್ಲದ ಮರದ ಮನೆಯಲ್ಲಿ ಮೊದಲು ಅದನ್ನು ಹಾಕಿಸತಕ್ಕದ್ದು. ಪರವಾನಗಿಯುಳ್ಳ ವಯರ್‌ಮನ್ ಕೆಲಸ ಮುಗಿಸಿದ ದಿನವೇ, ಹಲಗೆ ಮುಚ್ಚುವ ಮೊದಲು, ತಂತಿ ಹೋದ ದಾರಿಯ ನಕ್ಷೆಯೊಂದನ್ನು ಬರೆಯಿಸಿ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಬೇಕು.