ಬಾಡಿಗೆ ಬಾಕಿಗೆ ಹೆದರಿ ಓಡಿದವನು ಊರಿನವನಾದ ಬಗೆ

ವೇಷ ಬದಲಿಸಿದ ಮಾತ್ರಕ್ಕೆ ಪರಸ್ಥಳದವನು ಊರಿನವನಾಗುತ್ತಾನೆಯೇ? ಈ ಪ್ರಶ್ನೆಯನ್ನು ಅಮೆರಿಕದ ಹಾಸ್ಯ ಧಾರಾವಾಹಿಯೊಂದು ನಗುನಗುತ್ತಲೇ ಎತ್ತಿದೆ. ‘ವಾಟ್ ವಿ ಡು ಇನ್ ದ ಶ್ಯಾಡೋಸ್’ ಎಂಬುದು ಅದರ ಹೆಸರು.

ನ್ಯೂಜಿಲೆಂಡಿನ ಜೆಮೇನ್ ಕ್ಲೆಮೆಂಟ್ ಮತ್ತು ಟೈಕಾ ವೈಟಿಟಿ ಇದೇ ಹೆಸರಿನಲ್ಲಿ 2014ರಲ್ಲಿ ನಿರ್ದೇಶಿಸಿದ ಚಲನಚಿತ್ರವೇ ಧಾರಾವಾಹಿಗೆ ಮೂಲ. 2019ರಿಂದ 2024ರವರೆಗೆ ಅದರ 6 ಆವೃತ್ತಿಗಳು ಪ್ರಸಾರವಾದವು. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡಿನಲ್ಲಿ, ಹಳೆಯ ಮನೆಯೊಂದರೊಳಗೆ, ಶತಮಾನಗಳಷ್ಟು ವಯಸ್ಸಾದ ರಕ್ತಪಿಶಾಚಿಗಳು ಒಟ್ಟಾಗಿ ಬಾಳುತ್ತಾರೆ. ಮನುಷ್ಯರ ರಕ್ತ ಕುಡಿಯುವ ಇವರು ಮನೆಗೆಲಸ ಯಾರದೆಂಬ ವಿಷಯಕ್ಕೂ ಜಗಳವಾಡುತ್ತಾರೆ; ಅದನ್ನೆಲ್ಲ ಸಾಕ್ಷ್ಯಚಿತ್ರ ತಂಡವೊಂದು ಚಿತ್ರಿಸುತ್ತಿರುವಂತೆ ತೋರಿಸುವುದೇ ಧಾರಾವಾಹಿಯ ಸ್ವಾರಸ್ಯ.

2020ರ ಮೇ ತಿಂಗಳಿನಲ್ಲಿ ಪ್ರಸಾರವಾದ ‘ಆನ್ ದ ರನ್’ ಎಂಬ ಕಂತು ಇವುಗಳಲ್ಲಿ ಬಹು ಜನಪ್ರಿಯ. ಮನೆಯವರಲ್ಲೊಬ್ಬನಾದ ಲಾಸ್ಲೋನನ್ನು ಹುಡುಕಿಕೊಂಡು ಜಿಮ್ ಎಂಬ ಇನ್ನೊಬ್ಬ ಪಿಶಾಚಿ ಬಾಗಿಲಿಗೆ ಬರುತ್ತಾನೆ. ಲಾಸ್ಲೋ ಒಂದೂವರೆ ಶತಮಾನಕ್ಕೂ ಹಿಂದೆ ಉಳಿಸಿಕೊಂಡ ಬಾಡಿಗೆ ಬಾಕಿ ಅವನಿಗೆ ಸಲ್ಲಬೇಕಾಗಿದೆ. ಲಾಸ್ಲೋನಾಗಿ ಮ್ಯಾಟ್ ಬೆರಿ, ಜಿಮ್ ಆಗಿ ‘ಸ್ಟಾರ್ ವಾರ್ಸ್’ ಖ್ಯಾತಿಯ ಮಾರ್ಕ್ ಹ್ಯಾಮಿಲ್ ನಟಿಸಿದ್ದಾರೆ.

ಸಾಲ ತೀರಿಸುವ ಬದಲು ಲಾಸ್ಲೋ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಪರಾರಿಯಾಗುತ್ತಾನೆ. ಆ ಹೆಸರು ಟ್ರಾನ್ಸಿಲ್ವೇನಿಯಾದಂತೆ ಕೇಳಿಸುತ್ತದೆಂಬುದೇ ಅವನ ಕಾರಣ! ಜೀನ್ಸ್ ಪ್ಯಾಂಟು ತೊಟ್ಟು, ಬಾಯಲ್ಲೊಂದು ಹಲ್ಲುಕಡ್ಡಿ ಕಚ್ಚಿಕೊಂಡು, ಜಾಕಿ ಡೇಟೋನಾ ಎಂಬ ಹೊಸ ಹೆಸರಿನಿಂದ ಪುಟ್ಟ ಊರೊಂದರಲ್ಲಿ ಮದ್ಯದಂಗಡಿ ನಡೆಸತೊಡಗುತ್ತಾನೆ. ಇಷ್ಟೇ ಅವನ ವೇಷ. ಆದರೂ ಜಿಮ್ ಎದುರಿಗೆ ಬಂದು ಕುಳಿತಾಗ ಗುರುತಿಸಲಾರ. ಪಿಶಾಚಿಗೆ ಕನ್ನಡಿಯಲ್ಲಿ ಬಿಂಬವಿಲ್ಲ. ಕೊನೆಗೆ ಗುಟ್ಟು ರಟ್ಟಾಗುವುದು ಕನ್ನಡಿಯಿಂದಲೇ.

ಅಷ್ಟರಲ್ಲಿ ವೇಷಕ್ಕೂ ಮಿಗಿಲಾದುದೊಂದು ನಡೆದುಹೋಗಿರುತ್ತದೆ. ಆ ಊರಿನ ಪ್ರೌಢಶಾಲೆಯ ಹುಡುಗಿಯರ ವಾಲಿಬಾಲ್ ತಂಡವನ್ನು ಜಾಕಿ ಮನಸಾರೆ ಹಚ್ಚಿಕೊಂಡಿರುತ್ತಾನೆ. ತಂಡವು ರಾಜ್ಯಮಟ್ಟದ ಪಂದ್ಯಕ್ಕೆ ಹೋಗಬೇಕು, ಅದಕ್ಕೆ ಹಣ ಕೂಡಬೇಕೆಂಬುದೇ ಅವನ ಚಿಂತೆ. ತಲೆಮರೆಸಿಕೊಳ್ಳಲು ಬಂದವನು ಎಲ್ಲರ ಕಣ್ಣಿಗೂ ಬೀಳುವ ಕೆಲಸಕ್ಕೆ ಕೈಹಾಕುತ್ತಾನೆ. ಇಲ್ಲಿ ನಗುವಿನೊಡನೆ ಮನಸ್ಸೂ ಮೆತ್ತಗಾಗುತ್ತದೆ. ಶಾಲೆಯ ತಂಡ ಆಯ್ಕೆಯಾದಾಗ ಬಸ್ಸಿನ ಖರ್ಚಿಗೆ, ಸಮವಸ್ತ್ರಕ್ಕೆ ಹತ್ತು ಮನೆಯವರು ಕೈಜೋಡಿಸುವ ಅನುಭವ ಸಣ್ಣ ಊರುಗಳ ಪಾಲಕರಿಗೆ ಹೊಸದೇನಲ್ಲ.

ಜಿಮ್‌ನ ಸಾಲ ತೀರುವುದು ಗೋಡೆಗೆ ತೂಗುಹಾಕುವ, ಹಾಡುವ ಆಟಿಕೆಯ ಮೀನೊಂದರಿಂದ. ಲಾಸ್ಲೋ ಮಡದಿ ನಾಡ್ಯಾಳಿದ್ದ ಮನೆಗೆ ಮರಳುತ್ತಾನೆ. ಬಾಕಿ ವಸೂಲಿಗೆ ಬಂದಿದ್ದ ಜಿಮ್ ಕಡೆಗೆ ಅದೇ ಹುಡುಗಿಯರಿಗೆ ತರಬೇತುದಾರನಾಗಿ ನಿಲ್ಲುತ್ತಾನೆ.

ಈ ಕಂತನ್ನು ಬರೆದ ಸ್ಟೆಫನಿ ರಾಬಿನ್ಸನ್ ಅವರ ಹೆಸರು 2020ರ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಧಾರಾವಾಹಿಯಲ್ಲಿ ರಕ್ತಪಾತವೂ ಒರಟು ಮಾತುಗಳೂ ಇರುವುದರಿಂದ ಇದು ವಯಸ್ಕರಿಗಷ್ಟೇ ತಕ್ಕುದು, ಮಕ್ಕಳೊಡನೆ ನೋಡತಕ್ಕುದಲ್ಲ. ಆದರೆ ಕಥೆಯ ತಿರುಳನ್ನು ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಹಲ್ಲುಕಡ್ಡಿ ಲಾಸ್ಲೋನನ್ನು ಮರೆಮಾಡಿತು, ಅಷ್ಟೆ. ಅವನನ್ನು ಊರಿನವನನ್ನಾಗಿ ಮಾಡಿದ್ದು ಆ ಊರಿನ ಶಾಲೆ.