ನೆಲ್ಲಿಕಾಯಿ ಎಣಿಸೋರಿಗೆ ಪಗಾರ ಯಾರು ಕೊಡ್ತಾರ?

ತೇರದಾಳದಿಂದ ಮಾತಾಡಾಕತ್ತೀನಿ. ನಮ್ಮ ಕಡೆ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಕಾಡು ಅಂದ್ರ ಬೀಳಗಿ-ಮುಧೋಳದ ಯಡಹಳ್ಳಿ ಚಿಂಕಾರಾ ಧಾಮ, ಅದೂ ಕುರುಚಲು ಕಾಡು. ಆದರೂ ಇವತ್ತಿನ ವಿಷಯ ಕಾಡಿನ ಸಂಶೋಧನೆಗೆ ಬರುವ ರೊಕ್ಕ. ಆ ರೊಕ್ಕ ಎಷ್ಟು ಅನ್ನೋದಕ್ಕಿಂತ ಯಾವ ಕೆಲಸಕ್ಕೆ, ಎಷ್ಟು ವರ್ಷ ಅನ್ನೋದು ದೊಡ್ಡ ಪ್ರಶ್ನೆ.

ಇದಕ್ಕೆ ರಾಜ್ಯದ ಇನ್ನೊಂದು ತುದಿಗೆ ಹೋಗಬೇಕು, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ. ಅಲ್ಲಿನ ಸೋಲಿಗರು ಜೇನು, ನೆಲ್ಲಿಕಾಯಿ ಸಂಗ್ರಹಿಸಿ ಬದುಕಿದವರು. 1990ರ ದಶಕದಲ್ಲಿ ಅಮೆರಿಕ ಸರ್ಕಾರದ ನೆರವಿನ ಬಯೋಡೈವರ್ಸಿಟಿ ಕನ್ಸರ್ವೇಶನ್ ನೆಟ್‌ವರ್ಕ್‌ನಿಂದ ಅಲ್ಲಿಗೆ ಹಣ ಬಂತು. ಕಾಡಿನಿಂದ ಸಂಪಾದನೆ ಇದ್ದರೆ ಜನ ಕಾಡನ್ನ ಕಾಯ್ತಾರಾ ಅಂತ ಪರೀಕ್ಷಿಸೋದು ಉದ್ದೇಶ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಜೊತೆ ಸಂಶೋಧಕರು ಕೈಜೋಡಿಸಿದರು. ಮುಂದೆ ಬೆಂಗಳೂರಿನ ಏಟ್ರೀ ಸಂಸ್ಥೆ ಆ ಕೆಲಸವನ್ನು ವರ್ಷಗಟ್ಟಲೆ ನಡೆಸಿತು.

ಕೆಲಸ ಹೆಂಗಂದ್ರ, ಕೊಯ್ಲಿಗೆ ಮುಂಚೆ ಮರದಲ್ಲಿ ಎಷ್ಟು ಕಾಯಿ ಇವೆ ಅಂತ ಸೋಲಿಗರೇ ಅಂದಾಜು ಮಾಡೋದು. ಕಿತ್ತಿದ್ದೆಷ್ಟು, ಉಳಿದಿದ್ದೆಷ್ಟು, ಮರದ ಕೆಳಗೆ ಸಸಿ ಎಷ್ಟು ಅಂತ ಲೆಕ್ಕ ಇಡೋದು. ನಾನು ಬಿ.ಕಾಂ ಓದಿದವ, ನನಗೆ ತಿಳಿದದ್ದು ಇಷ್ಟು: ನಾವು ಬಡ್ಡಿ ತಿನ್ನಾಕತ್ತೀವೋ, ಅಸಲಿಗೇ ಕೈ ಹಾಕೀವೋ ಅಂತ ನೋಡೋ ಲೆಕ್ಕ ಅದು.

ಸೋಲಿಗರು ಮತ್ತೊಂದು ಮಾತು ಹೇಳಿದರು. ನೆಲ್ಲಿ ಸಾಯೋದು ಕಾಯಿ ಕಿತ್ತಿದ್ದಕ್ಕಲ್ಲ, ಮರಕ್ಕೆ ಹತ್ತುವ ಬಂದಳಿಕೆಯಿಂದ. ಅವರ ಭಾಷೆಯಲ್ಲಿ ಅದು ಉಪ್ಪಿಲು. ಹಿಂದೆ ಬೇಸಿಗೆ ಬಲಿಯುವ ಮೊದಲೇ ಅವರು 'ತರಗು ಬೆಂಕಿ' ಹಾಕ್ತಿದ್ದರು, ಒಣ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ. ಅದನ್ನು ನಿಷೇಧಿಸಿದ ಮೇಲೆ ಉಪ್ಪಿಲೂ ಲಂಟಾನಾ ಪೊದೆಯೂ ಹೆಚ್ಚಾದವು ಅಂತ ಅವರ ವಾದ. ವರ್ಷಗಟ್ಟಲೆ ಮರಗಳನ್ನು ಅಳೆದ ಸಂಶೋಧಕರಿಗೂ ಕಾಯಿ ಕೀಳುವುದಕ್ಕಿಂತ ಬಂದಳಿಕೆ, ಲಂಟಾನಾಗಳೇ ಹೆಚ್ಚು ಹಾನಿ ಮಾಡುವುದು ಕಂಡಿತು. ಬೆಂಕಿಯ ಬಗ್ಗೆ ಮಾತ್ರ ವಾದ ಇನ್ನೂ ಮುಗಿದಿಲ್ಲ.

ಆದರೆ ಅಷ್ಟರಲ್ಲಿ 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಬೆನ್ನಿಗೇ ಅಲ್ಲಿ ಮಾರಾಟಕ್ಕಾಗಿ ಸಂಗ್ರಹಿಸೋದು ಬಂದ್ ಆಯ್ತು. ಲೆಕ್ಕದ ಪುಸ್ತಕ ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ! 2011ರಲ್ಲಿ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಆಗ ಆ ಹಳೇ ಲೆಕ್ಕಕ್ಕೆ ಬೆಲೆ ಬಂತು ನೋಡ್ರಿ. ಕಾಡು ನೋಡಿಕೊಳ್ಳುವ ಅಧಿಕಾರ ಬಂದ ಮೇಲೆ ಕೈಯಲ್ಲಿ ಅಂಕಿ-ಅಂಶವೂ ಇರಬೇಕಲ್ಲ.

ಸಮಸ್ಯೆ ಇಲ್ಲೇ ಇದೆ. ಪ್ರಾಜೆಕ್ಟ್ ಹಣ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷಕ್ಕೆ ಮುಗೀತದ. ಬೀಜ ಬಿದ್ದ ನೆಲ್ಲಿ ಕಾಯಿ ಬಿಡಾಕ ಅದಕ್ಕಿಂತ ಹೆಚ್ಚು ಕಾಲ ಬೇಕು. ಕಾಡು ಬೇರೆ ಕೆಲಸಕ್ಕೆ ಹೋದಾಗ ಕಟ್ಟಿಸಿಕೊಳ್ಳುವ ಪರಿಹಾರದ ಹಣಕ್ಕೆ 2016ರಲ್ಲಿ ಕಾಯ್ದೆಯೇ ಬಂದಿದೆ, ಅದನ್ನೇ ಕ್ಯಾಂಪಾ ಅಂತಾರೆ. ಅಲ್ಲಿ ಸುದ್ದಿಯಾಗೋದು ಗಿಡ ನೆಟ್ಟ ಸಂಖ್ಯೆ. ಕಂಪನಿಗಳ ಸಿಎಸ್‌ಆರ್‌ನಲ್ಲೂ ಗಿಡ ನೆಡುವ ಫೋಟೊ ಚಲೋ ಬರ್ತದ. ಹತ್ತು ವರ್ಷ ಕಾಯಿ ಎಣಿಸಿದವರ ಫೋಟೊ ಯಾರು ಹಾಕ್ತಾರ?

ನಾಳೆ ಯಡಹಳ್ಳಿ ಕಾಡಿನ ಬಗ್ಗೆ ಯಾರಾದರೂ ಅಧ್ಯಯನಕ್ಕೆ ಬಂದರೆ ನಾನು ಮೊದಲು ಅವರ ಬಜೆಟ್ ಹಾಳೆ ಕೇಳ್ತೀನಿ. ಯಾವ ಹುಲ್ಲು ಯಾವಾಗ ಚಿಗುರ್ತದ ಅಂತ ಬಲ್ಲ ಕುರಿಗಾರರಿಗೆ ಅದರಲ್ಲಿ ದಿನಗೂಲಿ ಇದೆಯಾ? ನಾಲ್ಕನೇ ವರ್ಷಕ್ಕೆ ರೊಕ್ಕ ಇದೆಯಾ? ವರದಿ ಕನ್ನಡದಲ್ಲಿ ಊರ ಪಂಚಾಯ್ತಿಗೆ ಬರ್ತದಾ?