ಕೋಟಿ ಸಾಲುಗಳ ನಡುವೆ ಒಂದು ಸಾಲು

ಒಂದು ಹಳ್ಳಿಯ ಮತದಾರರ ಪಟ್ಟಿಯಲ್ಲಿ ಒಬ್ಬನ ಹೆಸರನ್ನು ಹುಡುಕುವುದು ಕಷ್ಟದ ಕೆಲಸವಲ್ಲ. ಮೊದಲ ಪುಟದಿಂದ ಬೆರಳಿಟ್ಟು ಕೆಳಗೆ ಸರಿಯುತ್ತ ಹೋದರೆ ಕೆಲವೇ ನಿಮಿಷಗಳಲ್ಲಿ ಹೆಸರು ಸಿಕ್ಕೀತು. ಆದರೆ ಇಡೀ ಕರ್ನಾಟಕದ ಮತದಾರರ ಸಂಖ್ಯೆ ಐದು ಕೋಟಿಯನ್ನು ಮೀರಿದುದು. ಅಷ್ಟು ಹೆಸರುಗಳನ್ನು ಅದೇ ಬೆರಳಿನಿಂದ, ಊಟ ನಿದ್ರೆಗಳನ್ನು ಬಿಟ್ಟು, ಸೆಕೆಂಡಿಗೊಂದರಂತೆ ಓದಿದರೂ ಒಂದೂವರೆ ವರ್ಷ ಸಾಲದು. ಹುಡುಕುವ ಬಗೆ ಬದಲಾಗಿಲ್ಲ. ಸಾಲುಗಳು ಮಾತ್ರ ಬೆಳೆದಿವೆ. ಮಾಹಿತಿಯನ್ನು ಗಣಕಯಂತ್ರಗಳಲ್ಲಿ ಕೂಡಿಟ್ಟು, ಕೇಳಿದವರಿಗೆ ಕೇಳಿದ ಕ್ಷಣದಲ್ಲಿ ಒದಗಿಸಬೇಕಾದ ಜಾಲತಾಣಗಳು ಬೆಳೆಯುತ್ತ ಹೋದಂತೆ ಈ ಬೆರಳಿನ ಕಷ್ಟವನ್ನು ಎದುರಿಸಲೇಬೇಕಾಗುತ್ತದೆ. ವಿಕಿಪೀಡಿಯ ಎಂಬ ವಿಶ್ವಕೋಶ ಅದನ್ನು ಎದುರಿಸಿದ ರೀತಿ ಕುತೂಹಲಕರವಾದುದು.

ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಈ ವಿಶ್ವಕೋಶ ಇಂಗ್ಲಿಷಿನಲ್ಲಿ ಆರಂಭವಾದುದು 2001ರ ಜನವರಿ 15ರಂದು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಮೊದಲ ವರ್ಷ ಲೇಖನಗಳನ್ನು ಗಣಕದಲ್ಲಿ ಬಿಡಿಬಿಡಿ ಕಡತಗಳಾಗಿ ಇಡಲಾಗಿತ್ತು. 2002ರ ಜನವರಿಯಲ್ಲಿ ಮ್ಯಾಗ್ನಸ್ ಮಾನ್ಸ್‌ಕೆ ಎಂಬ ಜರ್ಮನ್ ವಿದ್ಯಾರ್ಥಿ ಬರೆದುಕೊಟ್ಟ ಹೊಸ ಕ್ರಮವಿಧಿಯ ಮೂಲಕ ಅವೆಲ್ಲ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯಕ್ಕೆ ಬಂದವು. ಓದುಗರು ಹೆಚ್ಚಿದಂತೆ ಅದೂ ಏದುಸಿರು ಬಿಡತೊಡಗಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಲೀ ಡೇನಿಯಲ್ ಕ್ರಾಕರ್ ಎಂಬ ಅಮೆರಿಕನ್ನರು ಅದನ್ನು ಮತ್ತೆ ಹೊಸದಾಗಿ ಬರೆಯಬೇಕಾಯಿತು. ಇಂದು ಮೀಡಿಯವಿಕಿ ಎಂಬ ಹೆಸರಿನಿಂದ ಬಳಕೆಯಲ್ಲಿರುವುದು ಅದರ ಸಂತಾನವೇ.

ದತ್ತಸಂಚಯವೆಂದರೆ, ರೂಢಿಯಲ್ಲಿ ಡೇಟಾಬೇಸ್ ಎಂದು ಕರೆಯುವುದು, ಕೋಷ್ಟಕಗಳ ಸಮೂಹ. ಶಾಲೆಯ ಹಾಜರಿ ಪುಸ್ತಕದಂತೆ ಇಲ್ಲಿಯೂ ಸಾಲುಗಳಿವೆ, ಕಲಮುಗಳಿವೆ. ವಿಕಿಪೀಡಿಯದಲ್ಲಿ ಪುಟಗಳಿಗೊಂದು ಕೋಷ್ಟಕ, ಸದಸ್ಯರಿಗೊಂದು ಕೋಷ್ಟಕ. ಎಲ್ಲಕ್ಕಿಂತ ಮುಖ್ಯವಾಗಿ ತಿದ್ದುಪಡಿಗಳಿಗೊಂದು ಕೋಷ್ಟಕ. ಯಾವ ಪುಟವನ್ನು, ಯಾರು, ಯಾವ ದಿನ ಯಾವ ಕ್ಷಣದಲ್ಲಿ ತಿದ್ದಿದರು ಎಂಬುದು ಅದರಲ್ಲಿ ಒಂದೊಂದು ಸಾಲು. ಒಂದು ಅಲ್ಪವಿರಾಮವನ್ನು ಸರಿಪಡಿಸಿದರೂ ಒಂದು ಸಾಲು ಕೂಡುತ್ತದೆ. 2021ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ತಿದ್ದುಪಡಿಗಳ ಎಣಿಕೆ 100 ಕೋಟಿಯನ್ನು ಮುಟ್ಟಿತು.

ಇಂಥ ಕೋಷ್ಟಕಗಳಿಗೆ ಪ್ರಶ್ನೆ ಕೇಳುವ ವಿಧಾನದಲ್ಲಿಯೇ ಒಂದು ತೊಡಕಿದೆ. 1970ರಲ್ಲಿ ಐಬಿಎಂ ಸಂಸ್ಥೆಯ ಗಣಿತಜ್ಞ ಇ. ಎಫ್. ಕಾಡ್ ಅವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಾಹಿತಿ ಯಂತ್ರದ ಒಳಗೆ ಎಲ್ಲಿದೆ, ಹೇಗಿದೆ ಎಂಬ ಚಿಂತೆ ಬಳಸುವವನಿಗೆ ಇರಬಾರದು. ಏನು ಬೇಕೆಂದು ಹೇಳಿದರೆ ಸಾಕು, ಹುಡುಕುವ ದಾರಿಯನ್ನು ಯಂತ್ರವೇ ಕಂಡುಕೊಳ್ಳಬೇಕು ಎಂಬುದು ಅದರಿಂದ ಬೆಳೆದ ವಿಚಾರ. ಇಂದಿನ ಬಹುಪಾಲು ದತ್ತಸಂಚಯಗಳು ಈ ತಳಹದಿಯ ಮೇಲೆಯೇ ನಿಂತಿವೆ. ಉಪಕಾರ ದೊಡ್ಡದು. ಆದರೆ ಯಂತ್ರದ ಶ್ರಮ ಕೇಳುವವನ ಕಣ್ಣಿಗೆ ಬೀಳದಂತಾದುದೂ ಇದರಿಂದಲೇ. ಐದು ಸಾಲುಗಳನ್ನು ಮುಟ್ಟಿ ಮುಗಿಯುವ ಪ್ರಶ್ನೆ, ನೂರು ಕೋಟಿ ಸಾಲುಗಳನ್ನು ಜಾಲಾಡಿಸುವ ಪ್ರಶ್ನೆ, ಎರಡೂ ಬರಹದಲ್ಲಿ ಒಂದೇ ಉದ್ದ, ಒಂದೇ ರೂಪ. ಚಿಕ್ಕ ಕೋಷ್ಟಕದ ಮೇಲೆ ಪರೀಕ್ಷಿಸಿದರೆ ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತವೆ. ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳ ಕನ್ನಡ ವಿಕಿಪೀಡಿಯದಲ್ಲಿ ಯಾರಿಗೂ ತಿಳಿಯದೆ ಸಾಗಿಹೋಗುವ ದೋಷ, ಎಪ್ಪತ್ತು ಲಕ್ಷ ಲೇಖನಗಳನ್ನು ದಾಟಿದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಬಲ್ಲದು. ಏಕೆಂದರೆ ನಿಧಾನದ ಪ್ರಶ್ನೆಯ ಶಿಕ್ಷೆ ಅದನ್ನು ಕೇಳಿದವನೊಬ್ಬನಿಗೇ ಸಲ್ಲುವುದಿಲ್ಲ. ಟಿಕೆಟ್ ಕಿಟಕಿಯಲ್ಲಿ ಒಬ್ಬನು ಚಿಲ್ಲರೆ ಎಣಿಸುತ್ತ ನಿಂತರೆ ಹಿಂದಿನವರೆಲ್ಲ ರೈಲು ತಪ್ಪಿಸಿಕೊಳ್ಳುವ ಹಾಗೆ, ಒಂದು ಪ್ರಶ್ನೆ ಯಂತ್ರವನ್ನು ಹಿಡಿದುಕೊಂಡಷ್ಟು ಹೊತ್ತು ಉಳಿದ ಸಾವಿರಾರು ಓದುಗರು ಕಾಯಬೇಕಾಗುತ್ತದೆ. ಓದುಗರ ದೇಣಿಗೆಯಿಂದ ನಡೆಯುವ ಸಂಸ್ಥೆ ಪ್ರತಿ ವರ್ಷವೂ ಬೇಕಾದಷ್ಟು ಯಂತ್ರಗಳನ್ನು ಕೊಂಡು ಈ ಕಷ್ಟದಿಂದ ಪಾರಾಗುವಂತೆಯೂ ಇಲ್ಲ.

ಹಾಗಾದರೆ ನೂರು ಕೋಟಿ ಸಾಲುಗಳಲ್ಲಿ ಬೇಕಾದ ಒಂದನ್ನು ಹಿಡಿಯುವ ಉಪಾಯವೇನು? ದೊಡ್ಡ ಗ್ರಂಥದ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇರುತ್ತದಷ್ಟೆ. ಅದರಂತೆ ಕೋಷ್ಟಕಕ್ಕೂ ಸೂಚಿಯನ್ನು ಕಟ್ಟಬಹುದು. ಆದರೆ ನೂರು ಕೋಟಿ ಸಾಲುಗಳ ಸೂಚಿಯೇ ಒಂದು ಮಹಾಗ್ರಂಥವಾಗುತ್ತದೆ; ಅದರಲ್ಲಿ ಹುಡುಕುವುದು ಹೇಗೆ? ಮೇಲಾಗಿ ಈ ಗ್ರಂಥ ಅಚ್ಚಾಗಿ ಮುಗಿದುದಲ್ಲ, ಕ್ಷಣಕ್ಷಣಕ್ಕೂ ಬೆಳೆಯುವಂಥದು. ಇದಕ್ಕೆ ಉತ್ತರವನ್ನು ಕಂಡವರು ಅಮೆರಿಕದ ಬೋಯಿಂಗ್ ವಿಮಾನ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್. 1970ರಲ್ಲಿ ರೂಪಿಸಿ 1972ರಲ್ಲಿ ಅವರು ಪ್ರಕಟಿಸಿದ ರಚನೆಗೆ ‘ಬಿ ವೃಕ್ಷ’ ಎಂದು ಹೆಸರು. ‘ಬಿ’ ಎಂದರೇನೆಂದು ಅವರು ಆ ಬರಹದಲ್ಲಿ ತಿಳಿಸಲಿಲ್ಲ. ಬೋಯಿಂಗ್ ಎಂದು ಕೆಲವರು, ಬೇಯರ್ ಎಂದು ಕೆಲವರು ಊಹಿಸುತ್ತ ಬಂದಿದ್ದಾರೆ.

ಬಿ ವೃಕ್ಷ ಸೂಚಿಗೆ ಸೂಚಿ, ಆ ಸೂಚಿಗೂ ಸೂಚಿ ಎಂಬಂತೆ ಮಹಡಿ ಮಹಡಿಯಾಗಿ ಕಟ್ಟಿದ ರಚನೆ. ತುದಿಯ ಹಾಳೆಯಲ್ಲಿ, ಮುಂದೆ ಯಾವ ಹಾಳೆಗೆ ಹೋಗಬೇಕೆಂಬುದಕ್ಕೆ 100 ದಾರಿಗಳಿವೆಯೆಂದಿಟ್ಟುಕೊಂಡರೆ, ಎರಡನೆಯ ಹಂತಕ್ಕೆ 100 ಹಾಳೆಗಳು, 10,000 ದಾರಿಗಳು. ಮೂರನೆಯ ಹಂತದಲ್ಲಿ ದಾರಿಗಳು 10 ಲಕ್ಷ, ನಾಲ್ಕನೆಯದರಲ್ಲಿ 10 ಕೋಟಿ, ಐದನೆಯದರಲ್ಲಿ 1000 ಕೋಟಿ. ಎಂದರೆ ಐದು ಹಾಳೆಗಳನ್ನು ತಿರುವಿದರೆ ನೂರು ಕೋಟಿಯಲ್ಲಿ ಬೇಕಾದ ಸಾಲು ಕೈಗೆ ಸಿಕ್ಕಿತು. ಸೂಚಿಯಿಲ್ಲದೆ ಮೊದಲಿನಿಂದ ಓದುತ್ತ ಹೋಗುವ ಯಂತ್ರ ಸೆಕೆಂಡಿಗೆ 10 ಲಕ್ಷ ಸಾಲುಗಳನ್ನು ಓದಬಲ್ಲುದಾದರೂ 1000 ಸೆಕೆಂಡು, ಎಂದರೆ ಹದಿನಾರು ನಿಮಿಷಕ್ಕೂ ಹೆಚ್ಚು ಬೇಕು. ತಿರುಗುವ ತಟ್ಟೆಗಳ ಹಳೆಯ ಬಗೆಯ ಡಿಸ್ಕಿನಲ್ಲಿ ಒಂದು ಹಾಳೆಯನ್ನು ತೆಗೆಯಲು ಸೆಕೆಂಡಿನ ನೂರನೆಯ ಒಂದು ಭಾಗ ಹಿಡಿದರೂ, ಐದು ಹಾಳೆಗಳಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಸಾಲುಗಳು ನೂರು ಮಡಿಯಾದರೆ ಕೂಡುವುದು ಒಂದೇ ಒಂದು ಹಾಳೆ. ಕೋಷ್ಟಕದ ಗಾತ್ರವೇ ನಿಧಾನಕ್ಕೆ ಕಾರಣವೆಂಬ ನಂಬಿಕೆ ಇಲ್ಲಿ ಕುಸಿಯುತ್ತದೆ. ಎಷ್ಟು ಸಾಲುಗಳಿವೆ ಎಂಬುದಲ್ಲ, ಉತ್ತರಕ್ಕಾಗಿ ಎಷ್ಟನ್ನು ಮುಟ್ಟಬೇಕು ಎಂಬುದೇ ಪ್ರಶ್ನೆ. ಹೊಸ ಸಾಲು ಬಂದಾಗ ತುಂಬಿದ ಹಾಳೆಯೊಂದು ಎರಡಾಗಿ ಒಡೆದು ಜಾಗ ಮಾಡಿಕೊಡುವುದರಿಂದ ಇಡೀ ಸೂಚಿಯನ್ನು ಮತ್ತೆ ಬರೆಯಬೇಕಾಗಿಲ್ಲ. ಈ ರಚನೆಯ ನಿಜವಾದ ಜಾಣ್ಮೆ ಇದೇ ಎನ್ನಬೇಕು.

ಸೂಚಿ ಇದ್ದ ಮಾತ್ರಕ್ಕೆ ಎಲ್ಲ ಪ್ರಶ್ನೆಗಳಿಗೂ ಅದು ಒದಗುತ್ತದೆಂದು ಹೇಳಲಾಗದು. ಅಕಾರಾದಿಯಾಗಿ ಬರೆದ ಹೆಸರುಗಳ ಪಟ್ಟಿಯಲ್ಲಿ ‘ರಾಮ’ ಎಂದು ಮೊದಲಾಗುವವರನ್ನೆಲ್ಲ ಒಂದೇ ಕಡೆ ಕಾಣಬಹುದು: ರಾಮಣ್ಣ, ರಾಮಪ್ಪ, ರಾಮಯ್ಯ. ಆದರೆ ‘ಅಪ್ಪ’ ಎಂದು ಕೊನೆಗೊಳ್ಳುವವರು ಯಾರು ಯಾರು ಎಂದರೆ ಕಾಳಪ್ಪನಿಂದ ಹನುಮಂತಪ್ಪನವರೆಗೆ ಇಡೀ ಪಟ್ಟಿಯನ್ನು ಓದದೆ ಗತಿಯಿಲ್ಲ. ಸೂಚಿಯನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಎಂಬುದು ಅದಕ್ಕಾಗಿ ಬಹು ಮುಖ್ಯ. ತಿದ್ದುಪಡಿಗಳನ್ನು ಕಾಲದ ಕ್ರಮದಲ್ಲಷ್ಟೇ ಜೋಡಿಸಿದ್ದರೆ, ‘ಮೈಸೂರು’ ಎಂಬ ಪುಟದ ತಿದ್ದುಪಡಿಗಳು ಜಗತ್ತಿನ ಬೇರೆಲ್ಲ ಪುಟಗಳ ನಡುವೆ ಚದುರಿರುತ್ತವೆ. ಮೊದಲು ಪುಟ, ಆ ಪುಟದೊಳಗೆ ಕಾಲ ಎಂಬ ಕ್ರಮದಲ್ಲಿ ಜೋಡಿಸಿದರೆ ಅವೆಲ್ಲ ಸೂಚಿಯಲ್ಲಿ ಅಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ವಿಕಿಪೀಡಿಯದ ಪ್ರತಿ ಪುಟಕ್ಕೂ ಇರುವ ‘ಇತಿಹಾಸ’ ಎಂಬ ಭಾಗವನ್ನು ತೆರೆದಾಗ ಕೆಲಸಮಾಡುವುದು ಇಂಥ ಸೂಚಿಯೇ.

ಈ ಇತಿಹಾಸದ ಪಟ್ಟಿಗೆ ತನ್ನದೇ ಆದ ಒಂದು ಸ್ವಾರಸ್ಯವಾದ ಚರಿತ್ರೆ ಉಂಟು. ಓದುಗನಿಗೆ ಬೇಕಾದುದು ಇತ್ತೀಚಿನ ತಿದ್ದುಪಡಿ ಮೊದಲು, ಹಳೆಯದು ಆಮೇಲೆ. ಮೊದಲ ದಿನಗಳ ಮೈಎಸ್‌ಕ್ಯೂಎಲ್ ಸೂಚಿಯ ಮೇಲೆ ಮುಂದಕ್ಕೆ ಸಲೀಸಾಗಿ ನಡೆಯುತ್ತಿತ್ತು, ಹಿಂದಕ್ಕೆ ನಡೆಯಲು ಅರಿಯದು. ಅದಕ್ಕಾಗಿ ಕಾಲವನ್ನು ತಿರುಗುಮುರುಗಾಗಿ ಬರೆದಿಡುವ ಇನ್ನೊಂದು ಕಲಮನ್ನು ಸೇರಿಸಲಾಯಿತು. ಪ್ರತಿಯೊಂದು ಅಂಕಿಯನ್ನೂ ಒಂಬತ್ತರಿಂದ ಕಳೆಯುವುದು. 2003 ಎಂಬ ವರ್ಷ ಅಲ್ಲಿ 7996 ಆಗುತ್ತದೆ, 2004 ಎಂಬುದು 7995. ತೀರ ಈಚಿನದೇ ತೀರ ಚಿಕ್ಕ ಸಂಖ್ಯೆಯಾದುದರಿಂದ, ಯಂತ್ರ ಮುಂದಕ್ಕೆ ನಡೆದರೂ ಕಾಲದಲ್ಲಿ ಹಿಂದಕ್ಕೆ ಹೋದಂತಾಯಿತು. ಮುಂದೆ ಮೈಎಸ್‌ಕ್ಯೂಎಲ್ ಹಿಮ್ಮುಖ ನಡೆಯನ್ನು ಕಲಿತುಕೊಂಡ ಮೇಲೆ ಆ ಕಲಮಿಗೆ ಕೆಲಸವಿಲ್ಲದಾಯಿತು.

2005ರಲ್ಲಿ ಕೋಷ್ಟಕಗಳ ಕಟ್ಟಡವನ್ನೇ ಬದಲಾಯಿಸಲಾಯಿತು. ಅದುವರೆಗೆ ಪುಟದ ಇಂದಿನ ರೂಪಕ್ಕೊಂದು ಕೋಷ್ಟಕ, ಹಳೆಯ ರೂಪಗಳಿಗೊಂದು ಕೋಷ್ಟಕ ಇದ್ದು, ಲೇಖನದ ಪೂರ್ಣಪಾಠವೂ ಅದೇ ಸಾಲಿನಲ್ಲಿರುತ್ತಿತ್ತು. ತಿದ್ದಿದವರ ಹೆಸರಷ್ಟೇ ಬೇಕಾದ ಪಟ್ಟಿಗೂ ಲೇಖನಗಳ ಭಾರದ ನಡುವೆಯೇ ಹಾದುಹೋಗಬೇಕು. ಸಾಲದುದಕ್ಕೆ ಪ್ರತಿ ಹಳೆಯ ಸಾಲಿನಲ್ಲಿಯೂ ಪುಟದ ಶೀರ್ಷಿಕೆಯನ್ನು ಬರೆದಿದ್ದುದರಿಂದ, ಪುಟಕ್ಕೆ ಬೇರೆ ಹೆಸರಿಟ್ಟರೆ ಅದರ ಸಾವಿರಾರು ಸಾಲುಗಳನ್ನೂ ತಿದ್ದಬೇಕಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಪುಟ, ತಿದ್ದುಪಡಿ, ಪಾಠ ಎಂದು ಮೂರು ಕೋಷ್ಟಕಗಳಾದವು. ಪುಟಕ್ಕೊಂದು ಸಂಖ್ಯೆ ದೊರೆಯಿತು. ತಿದ್ದುಪಡಿಗಳು ಆ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಂಡವು. ‘ಬೆಂಗಳೂರು’ ಪುಟದ ಹೆಸರನ್ನು ಬದಲಿಸಬೇಕಾದರೆ ಪುಟಗಳ ಕೋಷ್ಟಕದಲ್ಲಿ ಒಂದು ಸಾಲನ್ನು ತಿದ್ದಿದರೆ ಆಯಿತು.

ಹಾಗಿದ್ದೂ ಕೆಲವು ಪ್ರಶ್ನೆಗಳು ಸೂಚಿಗೂ ಬಗ್ಗುವುದಿಲ್ಲ. ಉದ್ದವಾದ ಪಟ್ಟಿಯ ‘ಹತ್ತು ಸಾವಿರದನೆಯ ಪುಟ’ವನ್ನು ಕೊಡೆಂದರೆ, ದತ್ತಸಂಚಯ ಅದಕ್ಕೆ ಹಿಂದಿನ ಎಲ್ಲ ಸಾಲುಗಳನ್ನೂ ಎಣಿಸಿ ಎಣಿಸಿ ಎಸೆಯಬೇಕು. ಆದ್ದರಿಂದ ವಿಕಿಪೀಡಿಯದ ಇತಿಹಾಸದ ಪಟ್ಟಿಯಲ್ಲಿ ಪುಟಸಂಖ್ಯೆಗಳೇ ಇಲ್ಲ. ‘ಹಳೆಯವು’ ಎಂಬ ಕೊಂಡಿಯಿದೆ. ಕಣ್ಣಮುಂದಿನ ಕೊನೆಯ ತಿದ್ದುಪಡಿಯ ಕಾಲವನ್ನು ಅದು ತನ್ನೊಡನೆ ಒಯ್ಯುತ್ತದೆ. ಯಂತ್ರ ಆ ಕಾಲಕ್ಕೆ ನೇರವಾಗಿ ಇಳಿದು ಅಲ್ಲಿಂದ ಮುಂದಿನ ಐವತ್ತು ಸಾಲುಗಳನ್ನು ತರುತ್ತದೆ. ಪುಸ್ತಕದಲ್ಲಿ ಓದು ನಿಂತಲ್ಲಿ ನವಿಲುಗರಿ ಇಟ್ಟ ಹಾಗೆ. ಎಣಿಕೆಯ ಪ್ರಶ್ನೆಗಳದೂ ಇಂಥದೇ ತೊಂದರೆ. ಒಬ್ಬ ಸದಸ್ಯ ಒಟ್ಟು ಎಷ್ಟು ತಿದ್ದುಪಡಿ ಮಾಡಿದ್ದಾನೆಂದು ಕೇಳಿದಾಗಲೆಲ್ಲ ಎಣಿಸುತ್ತ ಕೂರುವುದಕ್ಕಿಂತ, ಪ್ರತಿ ತಿದ್ದುಪಡಿಗೂ ಒಂದನ್ನು ಕೂಡಿಸಿ ಅವನ ಹೆಸರಿನ ಮುಂದೆ ಬರೆದಿಡುವುದು ಮೇಲು. ಅಂಗಡಿಯವನು ದಿನದ ಕೊನೆಯ ಶಿಲ್ಕನ್ನು ಬರೆದಿಡುವುದು ಇದೇ ಕಾರಣಕ್ಕೆ.

ಎಲ್ಲ ಕಲಮುಗಳಿಗೂ ಒಂದೊಂದು ಸೂಚಿಯನ್ನು ಕಟ್ಟಿಬಿಡಬಾರದೇಕೆ ಎಂಬ ಸಂದೇಹ ಹುಟ್ಟುವುದು ಸಹಜ. ಸೂಚಿ ಪುಕ್ಕಟೆಯಾಗಿ ಬರುವುದಿಲ್ಲ. ಒಂದು ಸಾಲು ಸೇರಿದರೆ ಪ್ರತಿಯೊಂದು ಸೂಚಿಯನ್ನೂ ತಿದ್ದಬೇಕು. ಓದು ಚುರುಕಾದಷ್ಟೂ ಬರಹ ನಿಧಾನವಾಗುತ್ತದೆ, ಸ್ಥಳವೂ ಹಿಡಿಯುತ್ತದೆ. ಇರುವ ಸೂಚಿಗಳಲ್ಲಿ ಯಾವುದನ್ನು ಬಳಸಬೇಕೆಂದು ಲೆಕ್ಕಹಾಕುವ ಕೆಲಸ ದತ್ತಸಂಚಯದ್ದೇ. 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಗರ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿ ದಾರಿಯ ವೆಚ್ಚವನ್ನು ಅಂದಾಜು ಮಾಡಿ ಅಗ್ಗವಾದುದನ್ನು ಆರಿಸುವ ಕ್ರಮವನ್ನು ವಿವರಿಸಿದರು. ಅಂದಾಜು ಅಂದಾಜೇ, ಒಮ್ಮೊಮ್ಮೆ ತಪ್ಪುತ್ತದೆ. ಆಯ್ದ ದಾರಿಯನ್ನು ತೋರಿಸೆಂದು ಯಂತ್ರವನ್ನೇ ಕೇಳಲು ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆಯಿದೆ. ಬಲ್ಲ ತಂತ್ರಜ್ಞರು ನಿಧಾನದ ಪ್ರಶ್ನೆಗೆ ಮದ್ದು ಹುಡುಕುವ ಮುನ್ನ ಈ ಆಜ್ಞೆಯಿಂದ ನಾಡಿ ಹಿಡಿದು ನೋಡುತ್ತಾರೆ.

ಓದುಗರ ಬಹುಪಾಲು ಬೇಡಿಕೆಗಳು ದತ್ತಸಂಚಯದ ಬಾಗಿಲಿಗೆ ಬರುವುದೇ ಇಲ್ಲ; ಸಿದ್ಧಪಡಿಸಿ ಇಟ್ಟ ಪುಟದ ಪ್ರತಿಯೇ ಅವರ ಕೈಸೇರುತ್ತದೆ. ಬಂದವುಗಳಲ್ಲಿಯೂ ಓದಿನ ಪ್ರಶ್ನೆಗಳು ನಕಲು ದತ್ತಸಂಚಯಗಳಿಗೆ ಹೋಗುತ್ತವೆ, ಬರಹ ಮಾತ್ರ ಮೂಲಕ್ಕೆ. ನಕಲುಗಳು ಮೂಲಕ್ಕಿಂತ ಕ್ಷಣಕಾಲ ಹಿಂದುಳಿಯುವುದುಂಟು. ತಿದ್ದಿದವನಿಗೇ ತನ್ನ ತಿದ್ದುಪಡಿ ಕಾಣದೆಹೋದರೆ ಅವನು ಗಾಬರಿಯಾಗಿ ಮತ್ತೆ ಬರೆದಾನು. ಅದಕ್ಕಾಗಿ ಅವನು ಬರೆದುದನ್ನು ಪಡೆದಿರುವ ನಕಲಿನಿಂದಲೇ ಅವನಿಗೆ ಉತ್ತರ ಕೊಡುವ ಏರ್ಪಾಡನ್ನೂ ಮೀಡಿಯವಿಕಿಯಲ್ಲಿ ಮಾಡಲಾಗಿದೆ.

ಇಷ್ಟಾದರೂ ಬಗೆಹರಿಯದ ಪ್ರಶ್ನೆಗಳಿಗೆ ಮೀಡಿಯವಿಕಿಯಲ್ಲಿ ಒಂದು ಗುಂಡಿಯಿದೆ. ಅದರ ಇಂಗ್ಲಿಷ್ ಹೆಸರಿಗೆ ‘ಜಿಪುಣನ ರೀತಿ’ ಎಂದೇ ಅರ್ಥ. ಅತಿ ಹೆಚ್ಚು ಕೊಂಡಿಗಳಿರುವ ಪುಟಗಳು ಯಾವುವು, ಯಾವ ಪುಟಕ್ಕೆ ಯಾವ ಪುಟವೂ ಕೊಂಡಿ ಹಾಕಿಲ್ಲ ಎಂಬಂಥ ಇಡೀ ಕೋಷ್ಟಕಗಳನ್ನು ಕಲಕುವ ಪ್ರಶ್ನೆಗಳನ್ನು, ಆ ಗುಂಡಿಯನ್ನು ಒತ್ತಿದ ಮೇಲೆ, ಓದುಗ ಕೇಳಿದಾಗ ಕೇಳುವುದಿಲ್ಲ. ಬಿಡುವಿನ ವೇಳೆಯಲ್ಲಿ ಒಮ್ಮೆ ಕೇಳಿ ಉತ್ತರವನ್ನು ಬರೆದಿಡಲಾಗುತ್ತದೆ. ಅಂಥ ಪಟ್ಟಿಯನ್ನು ತೆರೆದವರಿಗೆ ಮೇಲುಗಡೆಯಲ್ಲಿ ಅದು ಸಂಗ್ರಹಿಸಿಟ್ಟ ಮಾಹಿತಿಯೆಂದೂ ಇಂಥ ದಿನ ಇಂಥ ಹೊತ್ತಿಗೆ ತಯಾರಾದುದೆಂದೂ ತಿಳಿಸುವ ಸಾಲು ಕಾಣುತ್ತದೆ. ತೀರ ದುಬಾರಿಯಾದ ಕೆಲವು ಪಟ್ಟಿಗಳ ಮೇಲೆ, ಇದನ್ನು ಸದ್ಯಕ್ಕೆ ಹೊಸದಾಗಿಸುತ್ತಿಲ್ಲ ಎಂಬ ಇನ್ನೊಂದು ಸಾಲೂ ಇರುತ್ತದೆ.